ಹೆಂಡದಂಗಡಿ ಇದ್ದ ಮೂಲೆ

ನಾಲ್ಕು ರಸ್ತೆ ಕೂಡುವಲ್ಲಿ ನೂರು ವರ್ಷದ ಹಿಂದೆ ಬಿದ್ದುಹೋದ ಹೆಂಡದಂಗಡಿಯೊಂದು ಯಾವ ಮೂಲೆಯಲ್ಲಿತ್ತು ಎಂಬುದು ನಾಗರಿಕತೆಯ ಅಳಿವು ಉಳಿವಿನ ಪ್ರಶ್ನೆಯೆಂದು ಪುರಸಭೆ ಸರ್ವಾನುಮತದಿಂದ ತೀರ್ಮಾನಿಸಿತು. ಅಲ್ಲಿ ಸ್ಮಾರಕದ ಕಲ್ಲು ನೆಟ್ಟು ಸುತ್ತ ಬೇಲಿ ಹಾಕಬೇಕಿತ್ತು.

ಮೂಲೆ ಹುಡುಕುವ ಕೆಲಸ ನಕ್ಷೆ ಗುಮಾಸ್ತನ ತಲೆಗೆ ಬಂತು. ಈಶಾನ್ಯದ ಮೂಲೆಯಲ್ಲಿ ಅವನ ಅಕ್ಕನ ಹೊಲಿಗೆ ಅಂಗಡಿಯಿತ್ತು. ಜಾಗ ಪುರಸಭೆಯದು. ಗಂಡ ಸತ್ತ ಮೇಲೆ ಅವಳು ಇಪ್ಪತ್ತೆರಡು ವರ್ಷ ಆ ಹತ್ತಡಿಯಲ್ಲೇ ಊರಿನವರ ಸೊಂಟದಳತೆ ಹಿಡಿದು ಬದುಕಿದ್ದಳು.

ಹೆಂಡದಂಗಡಿಯ ಚರಿತ್ರೆ ದೊಡ್ಡದೇನಲ್ಲ. ಪರದೇಶಿ ದೊರೆಗಳ ಕಾಲದಲ್ಲಿ ಟಪಾಲು ಗಾಡಿಯ ಕುದುರೆ ಬದಲಾಯಿಸುತ್ತಿದ್ದ ಜಾಗ; ಕುದುರೆಗೆ ನೀರು, ಸವಾರನಿಗೆ ಹೆಂಡ. ರೈಲು ಬಂದಮೇಲೆ ಕುದುರೆಗಳು ಹೋದವು, ಆಮೇಲೆ ಸವಾರರು, ಕೊನೆಗೆ ಹೆಂಚು. ಬಾಗಿಲನ್ನು ಪೊಲೀಸ್ ಠಾಣೆಗೆ ಒಯ್ದರಂತೆ. ಗಿರಾಕಿಗಳು ಅದರ ಹಿಂದೆಯೇ ಹೋಗಿರಬೇಕು.

ಎಂಜಿನಿಯರು ಮೇಜಿನ ಮೇಲೆ ನಕ್ಷೆ ಹರಡಿದ. "ಇಲ್ಲೇ ಬರ್ದಿದೆಯಲ್ರೀ, ಹೆಂಡದಂಗಡಿ ಅಂತ. ಈಶಾನ್ಯ."

"ಸಾರ್, ಅದು ಹೆಸರು ಬರೆದ ಜಾಗ. ಅಂಗಡಿ ಇದ್ದದ್ದು ಎದುರಿಗೆ, ನೈಋತ್ಯದಲ್ಲಿ. ಅಲ್ಲಿ ರಸ್ತೆ, ಚರಂಡಿ ಗೆರೆಗಳೆಲ್ಲ ಕಿಕ್ಕಿರಿದಿವೆ. ನಾವು ಗೆರೆ ಮೇಲೆ ಅಕ್ಷರ ಹತ್ತಿಸಲ್ಲ, ಖಾಲಿ ಕಂಡ ಕಡೆ ಬರೀತೀವಿ."

"ಹಾಗಾದ್ರೆ ಕಟ್ಟಡದ ಚೌಕ ಎಲ್ಲಿ?"

"ಬಿದ್ದ ಕಟ್ಟಡದ ಚೌಕ ಬಿಟ್ಟುಬಿಡೋದು, ಹೆಸರಷ್ಟೇ ಉಳಿಸೋದು. ಅದೇ ಪದ್ಧತಿ."

"ಯಾರು ಬಿಟ್ಟದ್ದು?"

"ನಾನೇ, ಸಾರ್."

ಮೂವತ್ತು ವರ್ಷದ ಹಿಂದೆ ಗೆದ್ದಲು ಹಿಡಿದ ಮೂಲ ನಕ್ಷೆಯನ್ನು ನೋಡಿ ಅವನೇ ಈ ನಕಲು ತೆಗೆದಿದ್ದ. ಮೂಲ ಈಗ ಪೂರ್ತಿ ಗೆದ್ದಲಿನ ಹೊಟ್ಟೆಯಲ್ಲಿತ್ತು.

ಎಂಜಿನಿಯರು ನಕ್ಷೆಯ ಕೆಳಗೆ ಬೆರಳಿಟ್ಟ. "'ಮೂಲದಂತೆ ಸರಿಯಿದೆ.' ಸಹಿ ನಿಮ್ಮದೇ ತಾನೆ? ಈಗ ಅಕ್ಕನ ಅಂಗಡಿ ಬಂತು ಅಂತ ಹೆಂಡದಂಗಡಿ ರಸ್ತೆ ದಾಟ್ತಾ? ಕುಡಿದವರು ದಾಟ್ತಾರೆ ಕಣ್ರೀ, ಅಂಗಡಿ ದಾಟಲ್ಲ."

ಗುಮಾಸ್ತ ತನ್ನ ಅಕ್ಷರಗಳನ್ನೇ ನೋಡುತ್ತಿದ್ದ. ಎಷ್ಟು ಸಮನಾಗಿ ಬಂದಿವೆ ಅನ್ನಿಸಿತು. ಬೇರೇನೂ ಅನ್ನಿಸಲಿಲ್ಲ.

ಸಂಜೆ ಅಕ್ಕನಿಗೆ ಹೇಳಿದ. ಅವಳು ರವಿಕೆಯ ಕಂಕುಳ ಹೊಲಿಗೆ ಬಿಚ್ಚುತ್ತಿದ್ದವಳು ತಲೆಯೆತ್ತಲಿಲ್ಲ.

"ಅಷ್ಟು ಚೆಂದ ನೋಡ್ಕೊಂಡು ಬರೀಬೇಕಿತ್ತೇನೋ?"

"ಜಾಗ ಖಾಲಿ ಇತ್ತಕ್ಕಾ."

"ಹೌದು, ಆಗ ನಿನ್ ಭಾವ ಇದ್ರಲ್ಲ." ಹಲ್ಲಿನಿಂದ ದಾರ ಕಡಿದಳು. "ಕಂಬದ ಥರ ನಿಂತಿದೀಯ. ಆ ಕತ್ತರಿ ಕೊಡು."

ಅವನು ಕೊಟ್ಟ. ದುಃಖ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಎದುರಿನ ನೈಋತ್ಯದ ಮೂಲೆಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕಿದರು.

ಮುಂದಿನ ತಿಂಗಳು ಕಲ್ಲು ಈಶಾನ್ಯದಲ್ಲಿ ನಿಂತಿತು. ಹೊಲಿಗೆ ಯಂತ್ರ ಗುಮಾಸ್ತನ ಮನೆಯ ನಡುಕೋಣೆಯಲ್ಲಿದೆ. ಅಕ್ಕ ಈಗ ಹೊಲಿಯುವುದಿಲ್ಲ.