ಎರಡನೆಯ ಆಂಟೆನಾ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ವೃಂದಾಗೆ ಒಂದೇ ಹುಚ್ಚು: ಓಡುವ ಗಾಡಿಯಿಂದ ಉಪಗ್ರಹದ ಮೂಲಕ ಆಡಿದ ಮಾತು ಮರಗಳ ಮರೆಯಲ್ಲಿ ಕರಗಿ ಹೋಗಬಾರದು. ಅದಕ್ಕೇ ಜೀಪಿನ ನೆತ್ತಿಗೆ ಎರಡು ಆಂಟೆನಾ ಹಚ್ಚಿದ್ದಳು. ಒಂದು ಕಿವಿ ಮಂದವಾದರೆ ಇನ್ನೊಂದು ಕೇಳಿಸಿಕೊಳ್ಳುತ್ತದಲ್ಲ, ಹಾಗೆ.

ಅಂದು ಮಧ್ಯಾಹ್ನ ಡ್ರೈವರ್ ಬಾಬುಸಾಬ ಆ ಜೀಪನ್ನು ದಾಂಡೇಲಿ ಕಡೆಯ ಕಾಡಿನಲ್ಲಿ ಓಡಿಸುತ್ತಿದ್ದ. ಹಳ್ಳ ದಾಟಿ ಒಂದಿಷ್ಟು ದೂರ ಹೋಗಿ ತಿರುಗಿ ಬರುವುದು ಅವನ ಕೆಲಸ. ಎರಡನೆಯ ಆಂಟೆನಾ ಇಲ್ಲದಿದ್ದರೆ ಮಾತು ಎಷ್ಟು ಕೆಡುತ್ತದೆಂದು ಗಿರಾಕಿಗಳಿಗೆ ತೋರಿಸಬೇಕಿತ್ತು. ವೃಂದಾ ಕಾರ್ಖಾನೆಯಲ್ಲಿ ಕೂತಲ್ಲಿಂದಲೇ ಅದನ್ನು ಬಂದ್ ಮಾಡಿದಳು. ಮಾತು ಚೂರುಚೂರಾಯಿತು. ಅವಳಿಗೆ ಖುಷಿಯೋ ಖುಷಿ!

ಅಷ್ಟರಲ್ಲಿ ದಾಂಡೇಲಿ ಕಡೆಯಿಂದ ಫೋನು ಬಂತು. ಹಳ್ಳದ ಮೇಲ್ಭಾಗದಲ್ಲಿ ಮಳೆ ಹೊಡೆದಿದೆಯಂತೆ, ಹಳ್ಳ ತುಂಬಿ ಬಂದಿದೆಯಂತೆ.

“ಕಾಕಾ, ಮುಂದ ಹಳ್ಳ ಬಂದದ! ವಾಪಸ್ ಬರ್ರಿ!” ಎಂದು ಮೈಕಿನಲ್ಲಿ ಕೂಗಿದಳು.

ಬರೀ ಗರಗರ. ಅದರ ತುದಿಗೆ ಬಾಬುಸಾಬನ ದನಿ: “ಬರ್ತೇನ್ರಿ ಅಕ್ಕಾರ.”

ಸದ್ಯ, ಬದುಕಿಕೊಂಡೆವು ಎಂದು ಉಸಿರು ಬಿಟ್ಟಳು. ಬುದ್ಧಿಗೇಡಿ! ಆಗಲಾದರೂ ಎರಡನೆಯದನ್ನು ಚಾಲೂ ಮಾಡಬಾರದೇ? ಗಿರಾಕಿಗಳಿಗೆ ತೋರಿಸಲು ಇನ್ನಷ್ಟು ಅಂಕಿಅಂಶ ಸಿಗಲಿ ಎಂದು ಹಾಗೇ ಬಿಟ್ಟು ಚಹಾಕ್ಕೆ ಎದ್ದಳು.

ಬಂದು ನೋಡಿದರೆ, ಪರದೆಯ ಮೇಲೆ ಜೀಪಿನ ಚುಕ್ಕೆ ಧಾರವಾಡದ ಕಡೆ ತಿರುಗಿಯೇ ಇಲ್ಲ. ಸರಿಯಾಗಿ ಹಳ್ಳದ ಮೇಲೆ ನಿಂತಿದೆ. ತಟ್ಟನೆ ಎರಡನೆಯ ಆಂಟೆನಾ ಚಾಲೂ ಮಾಡಿದಳು.

“ಕಾಕಾ, ಬರ್ತೇನಿ ಅಂದ್ರಲ್ಲಾ!”

“ಹೋಗಿ ಬರ್ತೇನ್ರಿ ಅಂದ್ನಿ ಅಕ್ಕಾರ. ನಿಮ್ಮ ಮಾತು ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ ಅಂದ್ರ ನೀವು ಸುಮ್ನಾದ್ರಿ. ಸಣ್ಣ ನೀರು ಅಂತ ಗಾಡಿ ಇಳಿಸಿದ್ನಿ, ನೋಡನೋಡ್ತ ಏರಿತ್ರಿ. ಬಾಗ್ಲಾ ತಗ್ಯಾಕ ಬರವಲ್ದು.”

ಹೊರಟವರು ‘ಹೋಗ್ತೇನಿ’ ಅನ್ನಬಾರದು, ಅಪಶಕುನ. ‘ಹೋಗಿ ಬರ್ತೇನಿ’ ಅನ್ನಬೇಕು. ಮಾಳಮಡ್ಡಿಯ ಇವಳ ಮನೆಯಲ್ಲೂ ಅದೇ ರೂಢಿ, ಕಮರಿಪೇಟೆಯ ಅವನ ಮನೆಯಲ್ಲೂ ಅದೇ. ಆ ‘ಹೋಗಿ’ ಎಂಬುದೊಂದು ಮರಗಳ ನಡುವೆ ಸತ್ತಿತ್ತು.

“ಕಿಡಕಿ ಒಡೀರಿ ಕಾಕಾ! ಮಂದಿ ಕಳಸ್ತೀನಿ, ಗಟ್ಟಿ ಹಿಡ್ಕೊಳ್ರಿ!”

“ಒಡ್ಯಾಕತ್ತೇನ್ರಿ... ಯಾ ಅಲ್ಲಾ... ನಮ್ಮ ಹಾಜರಾಬಿಗೆ...”

ಹೆಂಡತಿಗೆ ಏನು ಹೇಳಬೇಕೆಂದಿದ್ದನೋ, ನೀರು ಬಿಡಲಿಲ್ಲ. ಅವನ ಕೆಮ್ಮು, ಏದುಸಿರು, ಗಾಜಿಗೆ ಬಡಿಯುವ ಕೈ, ಎಲ್ಲವೂ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ವೃಂದಾ ಕೂಗುತ್ತಲೇ ಇದ್ದಳು. ಕೊನೆಯವರೆಗೂ ಒಂದು ಸದ್ದೂ ಕರಗಲಿಲ್ಲ.