ಶವಪೆಟ್ಟಿಗೆಯ ಚಿಲಕ

ಮಗಳ ಶವಪೆಟ್ಟಿಗೆಯನ್ನು ಬಡಗಿ ತಾನೇ ಮಾಡಿದ. ಮುಚ್ಚಳಕ್ಕೆ ಮೊಳೆ ಹೊಡೆಯುವ ಬದಲು ಬಾಗಿಲಿನ ಹಾಗೆ ಕೀಲು ಕೂರಿಸಿ, ಚಿಲಕವನ್ನು ಒಳಬದಿಗೆ ಹಾಕಿದ. ಅದನ್ನು ಕಂಡು ಹೆಂಡತಿ ಹತ್ತಿರ ಬಂದಳು.

"ಇದೇನ್ರೀ, ಒಳಗೆ ಚಿಲಕ?"

"ಬೈಬಲ್ಲಲ್ಲಿ ಯೇಸುಸ್ವಾಮಿ ಒಬ್ಬ ಸತ್ತ ಹುಡುಗೀನ ಕೈಹಿಡಿದು ಎಬ್ಬಿಸಿದ್ನಲ್ಲ. ನಮ್ಮವಳನ್ನೂ ಎಬ್ಬಿಸಿದ್ರೆ ಅವಳು ಹೊರಗೆ ಬರೋದು ಬೇಡ್ವಾ?"

"ಅಯ್ಯೋ, ನಿಮ್ಮ ಬುದ್ಧಿಗಿಷ್ಟು! ಯೇಸುಸ್ವಾಮಿಯ ಸಮಾಧಿ ಕಲ್ಲನ್ನೇ ಉರುಳಿಸಿದ ದೇವರು ನಿಮ್ಮ ಚಿಲಕಕ್ಕೆ ಕಾಯ್ತಾನಾ? ಮೊಳೆ ಹೊಡೀರಿ. ಎಬ್ಬಿಸೋ ದಿನ ಎಬ್ಬಿಸ್ತಾನೆ."

"ಇವತ್ತೇ ಯಾಕೆ ಎಬ್ಬಿಸಬಾರದು?"

ಅವಳು ಮೊಳೆಗಳನ್ನು ತಂದು ಅವನ ಮುಂದಿಟ್ಟಳು.

ಬಡಗಿ ಸುತ್ತಿಗೆ ಎತ್ತಿದ. ದಿಮ್ಮಿಗಳನ್ನು ಹೊತ್ತ ತೋಳಿಗೆ ಒಂದು ಮೊಳೆ ಹೊಡೆಯುವ ಶಕ್ತಿ ಬರಲಿಲ್ಲ. ಹೆಂಡತಿ ಅವನ ಕೈಮೇಲೆ ಕೈಯಿಟ್ಟು, "ಸ್ವಾಮಿ, ಇಷ್ಟಕ್ಕಾದರೂ ಶಕ್ತಿ ಕೊಡಪ್ಪಾ" ಎಂದಳು. ಇಬ್ಬರೂ ಸೇರಿ ಹೊಡೆದರು. ಮೊದಲ ಮೊಳೆ ಸೊಟ್ಟಗೆ ಹೋಯಿತು.