ಬೆನ್ನಿಗೆ ಅಂಟಿದ ಚೀಟಿ

ನಾನೊಂದು ಆಂಟೆನಾ. ಅಂಗೈಗಿಂತ ಚಿಕ್ಕ ಹಸಿರು ಹಲಗೆ, ಅದರ ಮೇಲೊಂದು ಚೌಕ ತಾಮ್ರ, ಅಷ್ಟೇ ನನ್ನ ಮೈ. ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ, ಬೇಡದ ತಾಮ್ರವನ್ನೆಲ್ಲ ಫೆರಿಕ್ ಕ್ಲೋರೈಡಿನಲ್ಲಿ ಕರಗಿಸಿ ನನ್ನನ್ನು ಹುಟ್ಟಿಸಿದರು. ಆಗ ಮೈ ಉರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಆಮೇಲಿನದಕ್ಕೆ.

ಸಂಶೋಧನಾ ವಿದ್ಯಾರ್ಥಿನಿ ಶಾಂಭವಿ ಯಲಿಗಾರ ಪಿಎಚ್.ಡಿ.ಗಾಗಿ ಎರಡು ಸಾಫ್ಟ್‌ವೇರ್‌ಗಳನ್ನು ಹೋಲಿಸುತ್ತಿದ್ದಳು. ಆಂಟೆನಾ ಯಾವ ತರಂಗಕ್ಕೆ ಸ್ಪಂದಿಸುತ್ತದೆ ಎಂದು, ಅದನ್ನು ತಯಾರಿಸುವ ಮೊದಲೇ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್‌ಗಳು ಅವು. ಯಾವುದು ಸರಿ ಎಂದು ತೀರ್ಪು ಕೊಡಬೇಕಾದವಳು ನಾನು. ಎಷ್ಟು ಬೀಗಿದ್ದೆನೋ!

ಎರಡೂ 2.45 ಗಿಗಾಹರ್ಟ್ಸ್ ಎಂದವು. ಅಳೆಯುವ ಯಂತ್ರಕ್ಕೆ ಜೋಡಿಸಿದಾಗ ನಾನು 2.52 ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು.

ತಪ್ಪು ಯಾರದು, ನೀವೇ ಹೇಳಿ. ಹಲಗೆ ತರಂಗವನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬ ಸಂಖ್ಯೆಯನ್ನು ಸಾಫ್ಟ್‌ವೇರ್‌ಗೆ ಮನುಷ್ಯರೇ ಕೊಡಬೇಕು. ಈ ಲ್ಯಾಬಿನಲ್ಲಿ ಎಲ್ಲರೂ ಸೀನಿಯರ್‌ಗಳ ಹಳೆಯ ಫೈಲನ್ನು ಕಾಪಿ ಮಾಡಿಯೇ ಕೆಲಸ ಶುರುಮಾಡುತ್ತಾರೆ. ಅದರಲ್ಲಿ 4.4 ಎಂದಿತ್ತು; ಶಾಂಭವಿ ಎರಡಕ್ಕೂ ಅದನ್ನೇ ಕೊಟ್ಟಿದ್ದಳು. ನನ್ನ ಹಲಗೆಯೋ ಬೇರೆ ಅಂಗಡಿಯ ಸರಕು, 4.15ರ ಆಸುಪಾಸು. ಒಬ್ಬರಾದರೂ ಅಳೆದು ನೋಡಬಾರದಿತ್ತೇ? ಒಂದೇ ಉತ್ತರಪತ್ರಿಕೆ ನೋಡಿ ಬರೆದ ಇಬ್ಬರ ಉತ್ತರ ಒಂದೇ ಆಗದೆ ಇನ್ನೇನಾಗುತ್ತದೆ?

ಶಾಂಭವಿ ಅದೇ ಹಲಗೆಯಿಂದ ನನಗೆ ಮೂವರು ತಂಗಿಯರನ್ನು ಮಾಡಿದಳು. ಮೂವರೂ 2.52 ಎಂದರು.

"ನಾಕೂ ಕೂಡೇ ಸುಳ್ಳ ಹೇಳ್ತಾವೇನ್ರಿ ಮೇಡಂ? ಆ ಹಲಗಿ ಒಮ್ಮೆ ಅಳದ ನೋಡ್ರಿ" ಎಂದರು ಲ್ಯಾಬ್ ಸಹಾಯಕ ಮೌಲಾಸಾಬ್.

ಶಾಂಭವಿ ತನ್ನ ಗೈಡ್ ಸರ್ ಬಳಿಗೆ ಓಡಿದಳು. 4.4 ತಪ್ಪೆಂದರೆ ಪ್ರಬಂಧದ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಅವರು ತಲೆ ಎತ್ತಲೂ ಇಲ್ಲ. "ಸೋಮವಾರ ಸಬ್ಮಿಶನ್ ಐತಿ. ಆಂಟೆನಾ ಮಾಡೂದ್ರಾಗ ದೋಷ ಆತು ಅಂತ ಬರದ ಮುಗಸವಾ."

ಬರೆದಳು. ನನ್ನ ಬೆನ್ನಿಗೆ 'ದೋಷಪೂರಿತ' ಎಂಬ ಚೀಟಿ ಅಂಟಿಸಿದಳು. ಅವಳು ಡಾಕ್ಟರ್ ಶಾಂಭವಿಯಾದಳು, ನಾನು ಡ್ರಾಯರ್ ಸೇರಿದೆ. ಇದು ಯಾವ ಊರಿನ ನ್ಯಾಯ!

ಹನ್ನೊಂದು ವರ್ಷದಲ್ಲಿ ನನ್ನ ತಾಮ್ರ ಕಪ್ಪಾಯಿತು. ಶಾಂಭವಿ ಈಗ ಇಲ್ಲಿಯೇ ಪ್ರೊಫೆಸರ್. ಮೊನ್ನೆ ಅವಳ ವಿದ್ಯಾರ್ಥಿನಿಯೊಬ್ಬಳು ಡ್ರಾಯರ್ ಎಳೆದು, ನನ್ನ ಚೀಟಿ ಓದಿ, "ಮೇಡಂ, ಇದನ್ನ ಕಸಕ್ಕ ಒಗೀಲೇನ್ರಿ?" ಎಂದಳು.

ಶಾಂಭವಿ ನನ್ನನ್ನು ಕೈಗೆತ್ತಿಕೊಂಡು, ಚೀಟಿಯ ಮೇಲಿನ ತನ್ನದೇ ಅಕ್ಷರ ನೋಡಿದಳು.

"ಬ್ಯಾಡವಾ. ಅದು ಖರೇನ ಹೇಳಿತ್ತು. ಸುಳ್ಳ ಬರದಾಕಿ ನಾ."

ನನ್ನ ಜೀವ ತಣ್ಣಗಾಯಿತು. ಇಷ್ಟು ವರ್ಷ ಈ ಒಂದು ಮಾತಿಗೇ ಕಾದಿದ್ದೆ. ಅವಳು ನನ್ನ ಧೂಳು ಒರೆಸಿದಳು, ಮೆಲ್ಲಗೆ ಮತ್ತೆ ಡ್ರಾಯರಿನಲ್ಲಿಟ್ಟು ಮುಚ್ಚಿದಳು.

ಚೀಟಿಯನ್ನು ಮಾತ್ರ ಕೀಳಲಿಲ್ಲ.